ಹವಳದ ಗೋಡೆ ಕೈತಪ್ಪಿದ ಮೇಲೆ

ನಿಡುಗಲ್‌ನಿಂದ ದ್ವೀಪಕ್ಕೆ

ವಿಮಾನ ಮಾಲ್ಡೀವ್ಸ್‌ನಲ್ಲಿ ಇಳಿಯತೊಡಗಿದಾಗ ಕಿಟಕಿಯಲ್ಲಿ ಕಂಡ ಕಡಲು ನನಗೆ ಕಡಲಿನ ಹಾಗೆ ಕಾಣಲೇ ಇಲ್ಲ. ನಮ್ಮೂರ ಕಡೆಯ ತಿರುಮಣಿಯ ಸೋಲಾರ್ ಪಾರ್ಕಿನ ಹಾಗೆ ಕಂಡಿತು. ಅಲ್ಲಿಯ ದಿಬ್ಬದ ಮೇಲೆ ನಿಂತರೆ ಹೊಲಗಳಿದ್ದ ಕಡೆಯೆಲ್ಲ ನೀಲಿ ಗಾಜು ಹಾಸಿಕೊಂಡು, ಹೊಸಬರು ಇದೇನು ಕೆರೆಯಾ ಎಂದು ಕೇಳುತ್ತಾರಲ್ಲ, ಹಾಗೆ. ಆ ನೀಲಿ ಅಲ್ಲಾಡುತ್ತಿದೆ ಎಂದು ಗೊತ್ತಾದದ್ದು ಇನ್ನಷ್ಟು ಕೆಳಗೆ ಬಂದ ಮೇಲೆ. ಇದರೊಳಗೆ ಇಳಿಯಲು ನಾನು ಬಂದಿದ್ದೆ.

ನಾನು ಕೊರಟಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ತವರು ಪಾವಗಡ ತಾಲ್ಲೂಕಿನ ನಿಡುಗಲ್. ಕುರಿ ಸಾಕುವ ಮನೆತನ. ಹವಳ ಗಿಡವಲ್ಲ, ಕಲ್ಲಲ್ಲ, ಪ್ರಾಣಿ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ನನ್ನ ತಂಗಿ ಪದ್ಮ ನರ್ಸು. ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದ ಆಸ್ಪತ್ರೆಗೆ ಕೆಲಸಕ್ಕೆ ಹೋದವಳು, ಅಲ್ಲಿ ಸ್ಕೂಬಾ ಡೈವಿಂಗ್ ಕಲಿತಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಿಗೆ ಅದರ ಕೊಳವೆ ಕಚ್ಚಿಕೊಂಡು ಕಡಲ ತಳಕ್ಕೆ ಹೋಗುವುದು. ರಜೆ ಸಿಕ್ಕಾಗಲೆಲ್ಲ ಅವಳಿಗೆ ಅದೇ ಗೀಳು.

"ದಸರಾ ರಜೆಗೆ ಬಂದ್ಬುಡಕ್ಕ. ಎಷ್ಟು ವರ್ಷ ಅಂತ ಬೋರ್ಡ್ ಮೇಲೆ ಹವಳದ ಚಿತ್ರ ಬರೀತೀಯಾ?" ಎಂದು ಫೋನಿನಲ್ಲಿ ಪೀಡಿಸಿದಳು.

ಅಮ್ಮನಿಗೆ ವಿಷಯ ಗೊತ್ತಾದಾಗ ಅವಳು ಕೇಳಿದ್ದು ಒಂದೇ ಮಾತು. "ನೀರಾಗೆ ಮುಳುಗಕ್ಕೆ ವಿಮಾನ ಹತ್ಕಂಡ್ ಹೋಗ್ತಾರೇನೇ? ನಮ್ ಬಾವಿ ಎಲ್ಲಿಗೋಗೈತೆ?"

ಬಾವಿಯ ಮಾತು ನನಗೆ ಧೈರ್ಯ ಕೊಟ್ಟಿತ್ತು. ಚಿಕ್ಕಂದಿನಲ್ಲಿ ಅಪ್ಪ ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನು ಕಟ್ಟಿ ಹೊಲದ ಬಾವಿಗೆ ತಳ್ಳಿ ನಮ್ಮಿಬ್ಬರಿಗೂ ಈಜು ಕಲಿಸಿದ್ದ. ತಳದ ಕಲ್ಲು ಮುಟ್ಟಿ ಬರುವುದರಲ್ಲಿ ನಾನೇ ಮುಂದು. ಈಜು ಬರುತ್ತದೆ, ಇನ್ನೇನು ಬೇಕು ಎಂದುಕೊಂಡಿದ್ದೆ.

ನಾಯಿ ಬೊಗಳದ ಊರು

ಸ್ಪೀಡ್ ಬೋಟು ದ್ವೀಪದ ಜೆಟ್ಟಿ ಮುಟ್ಟಿದಾಗ ನನ್ನ ಮೈಯೆಲ್ಲ ಉಪ್ಪಾಗಿತ್ತು. ಊರೆಂದರೆ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯ ಕಡಲು ಕಾಣುವಷ್ಟು. ಬೀದಿಗಳಿಗೆ ಟಾರಿಲ್ಲ, ಬಿಳಿ ಮರಳು. ಬೆಳಗ್ಗೆ ಹೆಂಗಸರು ಉದ್ದ ಪೊರಕೆ ಹಿಡಿದು ಅದನ್ನೇ ಗುಡಿಸುತ್ತಾರೆ. ಸಿರಾದಲ್ಲಿ ಕೇಳಿದ ಹಾಗೆಯೇ ಹೊತ್ತು ಹೊತ್ತಿಗೆ ಆಜಾನ್ ಕೇಳಿಸುತ್ತದೆ. ಆದರೂ ಏನೋ ಕಡಿಮೆಯಾಗಿದೆ ಅನ್ನಿಸುತ್ತಿತ್ತು. ಕುರಿ ಮನೆಯವಳಿಗೆ ಅದು ಹೊಳೆಯಲು ಒಂದು ದಿನ ಬೇಕಾಯಿತು. ಒಂದು ನಾಯಿಯೂ ಬೊಗಳಲಿಲ್ಲ. ಈ ದೇಶದಲ್ಲಿ ನಾಯಿ ಸಾಕುವ ಹಾಗೇ ಇಲ್ಲವಂತೆ. ಬೆಕ್ಕುಗಳು ಮಾತ್ರ ಮೀನಿನ ತಲೆ ತಿಂದು ಧಾರಾಳವಾಗಿ ಬೆಳೆದಿದ್ದವು.

ಸಂಜೆ ಜನ ಕಡಲ ಬದಿಯಲ್ಲಿ, ಹಗ್ಗದ ಬಲೆ ಬಿಗಿದ ಕುರ್ಚಿಗಳಲ್ಲಿ ಕುಳಿತು ಅಡಿಕೆ ಅಗಿಯುತ್ತಾರೆ. ಎಲೆ, ಸುಣ್ಣ ಎಲ್ಲ ನಮ್ಮ ಹಾಗೆಯೇ, ಜೊತೆಗೊಂದು ಲವಂಗ. ಅವರು ಪದ್ಮಳನ್ನು 'ಸಿಸ್ಟರ್' ಎಂದು ಕರೆದು ಕೂರಿಸಿಕೊಂಡರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಹೇಳಿ ನಕ್ಕರು.

"ಏನಂತೆ?" ಎಂದೆ.

"ಅಕ್ಕ ತಂಗಿಗಿಂತ ಗುಂಡಗವ್ಳೆ, ನೀರಾಗೆ ಚೆನ್ನಾಗಿ ತೇಲ್ತಾಳೆ ಅಂತವ್ರೆ" ಎಂದಳು ಪದ್ಮ.

ಜೆಟ್ಟಿ ಪಕ್ಕದ ನೀರಿನ ಪಾಠ

ನನಗೆ ಕಲಿಸಿದವಳು ಶಿಫಾ, ಅದೇ ದ್ವೀಪದ ಹೆಣ್ಣುಮಗಳು. ಪದ್ಮಳಿಗೂ ಅವಳೇ ಗುರು. ತಲೆಗೆ ಬಿಗಿಯಾದ ಕಪ್ಪು ಟೋಪಿ, ಮೈತುಂಬ ಮುಚ್ಚುವ ರಬ್ಬರ್ ಅಂಗಿ. ಸಿನಿಮಾ ನೋಡಿ ಕಲಿತ ಹಿಂದಿ, ಅದಕ್ಕೆ ಒಂದಿಷ್ಟು ಇಂಗ್ಲಿಷ್ ಸೇರಿಸಿ ಮಾತಾಡುತ್ತಿದ್ದಳು. ನನ್ನನ್ನು 'ಟೀಚರ್' ಎಂದು ಕರೆದು, ಶಾಲೆಯ ಹುಡುಗಿಯನ್ನು ಗದರುವ ಹಾಗೆ ಗದರುತ್ತಿದ್ದಳು.

ಆ ರಬ್ಬರ್ ಅಂಗಿ ತೊಡುವುದೇ ಒಂದು ಪಾಡು. ಸುಲಿದ ಬಾಳೆಹಣ್ಣನ್ನು ಮತ್ತೆ ಸಿಪ್ಪೆಯೊಳಗೆ ತುರುಕಿದ ಹಾಗೆ. ಪದ್ಮ ಒಂದು ಕಡೆಯಿಂದ, ಶಿಫಾ ಇನ್ನೊಂದು ಕಡೆಯಿಂದ ಎಳೆದು ನನ್ನನ್ನು ಅದರೊಳಗೆ ಸೇರಿಸಿದರು. ಸೊಂಟಕ್ಕೆ ಸೀಸದ ತೂಕ, ಬೆನ್ನಿಗೆ ಸಿಲಿಂಡರ್, ಗಾಳಿ ತುಂಬಿದರೆ ಉಬ್ಬುವ ಜಾಕೆಟ್, ಕಣ್ಣು ಮೂಗು ಮುಚ್ಚುವ ಗಾಜಿನ ಕನ್ನಡಕ, ಕಾಲಿಗೆ ರಬ್ಬರಿನ ರೆಕ್ಕೆ.

ಮೊದಲ ದಿನವೇ ತಪ್ಪು ಮಾಡಿದೆ. ಜೆಟ್ಟಿಯ ಪಕ್ಕದ ತಿಳಿನೀರಿನಲ್ಲಿ ಕನ್ನಡಕದೊಳಗೆ ನೀರು ನುಗ್ಗಿತು. ಗಾಬರಿಯಾಗಿ, ಬಾವಿಯಲ್ಲಿ ಮಾಡುತ್ತಿದ್ದ ಹಾಗೆ ಉಸಿರು ಕಟ್ಟಿ ಮೇಲಕ್ಕೆ ಜಿಗಿದೆ. ಕಾಲನ್ನು ಯಾರೋ ಗಪ್ಪನೆ ಹಿಡಿದು ಕೆಳಗೆಳೆದರು. ಶಿಫಾ. ಅವಳು ನನ್ನ ಮುಖದ ಮುಂದೆ ಕೈಯಾಡಿಸಿ, ಉಸಿರು ಬಿಡು, ಬಿಡು ಎಂದು ಸನ್ನೆ ಮಾಡಿದಳು. ಮೇಲೆ ಬಂದ ಮೇಲೆ ಅವಳ ಮುಖ ಕೆಂಪಾಗಿತ್ತು.

"ಟೀಚರ್, ಇಲ್ಲಿ ಎಲ್ಲ ತಪ್ಪಿಗೂ ಕ್ಷಮೆ ಇದೆ, ಉಸಿರು ಕಟ್ಟಿ ಮೇಲೆ ಬರೋದಕ್ಕೆ ಇಲ್ಲ. ತಳದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬಂದ ಹಾಗೆ ಹಿಗ್ಗುತ್ತೆ. ಶ್ವಾಸಕೋಶ ಹರಿದು ಹೋಗುತ್ತೆ. ಬರೋವಾಗ ಹಾಡು, ಗೊಣಗು, ನನ್ನ ಬೈಯಿ, ಏನಾದ್ರೂ ಮಾಡು. ಉಸಿರು ಮಾತ್ರ ಹಿಡೀಬೇಡ."

ಅಲ್ಲಿಂದ ಮುಂದೆ ಮೇಲೆ ಬರುವಾಗಲೆಲ್ಲ ಗಂಟಲಲ್ಲಿ 'ಹ್ಞೂಂ' ಎಂದು ಗೊಣಗುವುದನ್ನು ರೂಢಿ ಮಾಡಿಕೊಂಡೆ.

ಹೊರದಿಬ್ಬ

ಪಾಠಗಳು ಮುಗಿದ ಮೇಲೆ ಕೊನೆಯ ಡೈವಿಂಗ್ ದ್ವೀಪದ ಹೊರಗಿನ ಹವಳದ ದಿಬ್ಬದಲ್ಲಿ. ಬೋಟು ನಡೆಸುತ್ತಿದ್ದವನು ಶಿಫಾಳ ಚಿಕ್ಕಪ್ಪ. ಆಕಾಶದ ಒಂದು ಮೂಲೆ ಬೂದಿಬಣ್ಣಕ್ಕೆ ತಿರುಗಿತ್ತು. ಅವನು ಅದನ್ನು ನೋಡಿ ಶಿಫಾಗೆ ಏನೋ ಅಂದ. ಶಿಫಾ ಗಾಳಿಯ ದಿಕ್ಕು ನೋಡಿ, "ಬೇಗ ಇಳಿದು ಬೇಗ ಬರೋಣ" ಎಂದಳು.

ಇಳಿದೆವು. ಕಿವಿ ಒತ್ತಿದಾಗಲೆಲ್ಲ ಮೂಗು ಹಿಡಿದು ಗಾಳಿ ಊದಿದೆ. ನೀಲಿಯೊಳಗಿಂದ ಗೋಡೆ ಎದ್ದು ಬಂತು. ಮಧುಗಿರಿಯ ಏಕಶಿಲೆಯನ್ನು ಬುಡದಲ್ಲಿ ನಿಂತು ನೋಡಿದರೆ ಕುತ್ತಿಗೆ ನೋಯುತ್ತದಲ್ಲ, ಈ ಗೋಡೆಯನ್ನು ನಾನು ಅದರ ಅರ್ಧದಲ್ಲಿ, ಗಾಳಿಯಲ್ಲಿ ತೂಗುಬಿದ್ದವಳ ಹಾಗೆ ನೋಡುತ್ತಿದ್ದೆ. ಮೆದುಳಿನ ಸುರುಳಿಯ ಹವಳ, ಊಟದ ಮೇಜಿನಷ್ಟಗಲದ ಹವಳ, ಬೆರಳು ಬೆರಳಾಗಿ ಚಾಚಿಕೊಂಡದ್ದು. ನಡುನಡುವೆ ಸತ್ತು ಬೆಳ್ಳಗಾದ ತೇಪೆಗಳು. ಕಟ್ ಕಟ್ ಎಂಬ ಸದ್ದು ಎಲ್ಲ ಕಡೆಯಿಂದಲೂ ಬರುತ್ತಿತ್ತು. ಹಸಿರು ಮೀನುಗಳು ಕೊಕ್ಕಿನಂಥ ಬಾಯಲ್ಲಿ ಹವಳವನ್ನು ಕಚ್ಚಿ ಅಗಿಯುವ ಸದ್ದು. ನಮ್ಮ ಮೇಕೆಗಳು ಒಣಗಿದ ಜಾಲಿಕಾಯಿ ಕಡಿಯುವಾಗ ಕೇಳುವುದೂ ಇದೇ. ಅಷ್ಟು ದೂರ ಬಂದು, ಅಷ್ಟು ಆಳದಲ್ಲಿ, ಕೊಟ್ಟಿಗೆಯ ಸದ್ದು ಕೇಳಿ ನನಗೆ ನಗು ಬಂತು. ನಕ್ಕರೆ ಬಾಯೊಳಗೆ ನೀರು ಬರುತ್ತದೆ ಎಂದು ತಡೆದುಕೊಂಡೆ.

ಶಿಫಾ ಮುಂದೆ, ನಾನು ನಡುವೆ, ಪದ್ಮ ಹಿಂದೆ. ಗೋಡೆ ತಿರುಗುವ ಮೂಲೆಯಲ್ಲಿ ನೀರು ಇದ್ದಕ್ಕಿದ್ದಂತೆ ಎಳೆಯತೊಡಗಿತು. ಮೀನುಗಳೆಲ್ಲ ಒಂದೇ ಕಡೆ ಮುಖ ಮಾಡಿ ಈಜುತ್ತಿದ್ದವು, ಆದರೆ ಒಂದೂ ಮುಂದೆ ಹೋಗುತ್ತಿರಲಿಲ್ಲ. ಶಿಫಾ ತಿರುಗಿ, ಮುಷ್ಟಿ ಬಿಗಿದು ತೋರಿಸಿದಳು. ಕಲ್ಲು ಹಿಡಿದುಕೋ ಎಂದು ಅರ್ಥ. ನಾನು ಸತ್ತ ಹವಳದ ಒಂದು ಮೂಲೆಯನ್ನು ಹಿಡಿದು ಕಾಲು ಬಡಿದೆ. ಆಗ ಬಲಗಾಲು ಹಗುರಾಯಿತು. ರೆಕ್ಕೆಯ ಪಟ್ಟಿ ಬಿಚ್ಚಿ, ಅದು ತಿರುಗುತ್ತಾ ತಿರುಗುತ್ತಾ ಕೆಳಗಿನ ಕತ್ತಲೆಗೆ ಇಳಿಯಿತು. ಅದನ್ನು ನೋಡುತ್ತಿದ್ದ ಹಾಗೆ ಹಿಡಿದಿದ್ದ ಕಲ್ಲು ಮುರಿದು ಕೈಗೆ ಬಂತು.

ನಾನು ಗೋಡೆಯಿಂದ ಕಿತ್ತುಹೋದೆ. ಒಂಟಿ ರೆಕ್ಕೆಯಲ್ಲಿ ಎಷ್ಟು ಬಡಿದರೂ ಗಿರಗಿರನೆ ತಿರುಗುತ್ತಿದ್ದೆ ಅಷ್ಟೆ. ಜಾಕೆಟ್ಟಿನ ಪಟ್ಟಿಗೆ ಒಂದು ಕೈ ಬಂದು ಬಿತ್ತು. ಪದ್ಮ ಗೋಡೆ ಬಿಟ್ಟು ನನ್ನ ಹಿಂದೆ ಬಂದುಬಿಟ್ಟಿದ್ದಳು. ದೂರದಲ್ಲಿ ಕಲ್ಲಿಗಂಟಿಕೊಂಡ ಶಿಫಾ ಚಿಕ್ಕವಳಾಗುತ್ತಾ ಹೋದಳು. ಆಮೇಲೆ ಅವಳ ಗುಳ್ಳೆಗಳು ಮಾತ್ರ. ಆಮೇಲೆ ಅವೂ ಇಲ್ಲ.

ತಳ ಇಲ್ಲ, ಗೋಡೆ ಇಲ್ಲ. ಮೇಲೂ ಕೆಳಗೂ ಒಂದೇ ನೀಲಿ. ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಗೊತ್ತಾಗದು. ಕಿವಿ ಒತ್ತತೊಡಗಿದಾಗ ತಿಳಿಯಿತು, ನೀರು ನಮ್ಮನ್ನು ಕೆಳಗೆ ಕೊಂಡೊಯ್ಯುತ್ತಿದೆ. ಪದ್ಮ ಕೈಗಡಿಯಾರದಂಥ ಆಳದ ಮಾಪಕ ನೋಡಿದಳು. ಅವಳ ಕಣ್ಣು ಅಗಲವಾಯಿತು. ತನ್ನ ಜಾಕೆಟ್ಟಿಗೂ ನನ್ನ ಜಾಕೆಟ್ಟಿಗೂ ಚೂರು ಚೂರೇ ಗಾಳಿ ಬಿಟ್ಟು, ನನ್ನನ್ನು ಎದೆಗೆ ಒತ್ತಿಕೊಂಡು ಕಾಲು ಬಡಿದಳು. ನನ್ನ ಮೈಯ ಪ್ರತಿ ನರವೂ ಉಸಿರು ಕಟ್ಟು, ಮೇಲಕ್ಕೆ ಹಾರು ಎನ್ನುತ್ತಿತ್ತು. ನಾನು 'ಹ್ಞೂಂ' ಎಂದು ಗೊಣಗಿದೆ. ನಿಲ್ಲಿಸದೆ ಗೊಣಗಿದೆ. ಅವಳ ಕಣ್ಣು ನನ್ನ ಕಣ್ಣು ಬಿಟ್ಟು ಅಲ್ಲಾಡಲಿಲ್ಲ.

ಬೆಳಕು ಹತ್ತಿರವಾದಾಗ ಅವಳು ತಡೆದಳು. ಒಂದೇ ಸಮನೆ ಮೇಲೆ ಬರಬಾರದು, ರಕ್ತದಲ್ಲಿ ಕರಗಿದ ಗಾಳಿ ಗುಳ್ಳೆಯಾಗದಂತೆ ಸ್ವಲ್ಪ ಹೊತ್ತು ನಿಂತು ಬರಬೇಕು. ಮೇಲೆ ಬೆಳಕು ಕಾಣುತ್ತಿರುವಾಗ ನೀರಿನಲ್ಲಿ ಸುಮ್ಮನೆ ತೂಗುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ. ಪದ್ಮ ಜೇಬಿನಿಂದ ಕಿತ್ತಳೆ ಬಣ್ಣದ ಉದ್ದ ಚೀಲವೊಂದನ್ನು ಬಿಚ್ಚಿ, ಅದಕ್ಕೆ ಗಾಳಿ ತುಂಬಿ ದಾರ ಹಿಡಿದು ಮೇಲೆ ಬಿಟ್ಟಳು. ನಾವಿರುವ ಜಾಗ ಬೋಟಿನವರಿಗೆ ಕಾಣಲೆಂದು.

ಮಳೆಯೊಳಗೆ

ತಲೆ ಹೊರಗೆ ಹಾಕಿದಾಗ ಬೋಟು ಕಾಣಲಿಲ್ಲ. ಏನೂ ಕಾಣಲಿಲ್ಲ. ಮಳೆ ಬಂದುಬಿಟ್ಟಿತ್ತು.

ನಿಡುಗಲ್ ಬೆಟ್ಟದ ಮೇಲಿಂದ ದೂರದ ಊರಿನ ಮೇಲೆ ಮಳೆ ಇಳಿಯುವುದನ್ನು ನೋಡಿ, ನಮ್ಮ ಕಡೆಗೂ ಬರಲಿ ಎಂದು ಕೂಗಿದವಳು ನಾನು. ಈಗ ಅದೇ ಬೂದು ಪರದೆ ನಾಲ್ಕೂ ಕಡೆ ಮುಚ್ಚಿಕೊಂಡು, ಹನಿಗಳು ಮುಖಕ್ಕೆ ಕಲ್ಲಿನ ಹಾಗೆ ಹೊಡೆಯುತ್ತಿದ್ದವು. ಅಲೆ ಎತ್ತಿದಾಗ ಇನ್ನೊಂದು ಅಲೆ ಕಾಣುತ್ತಿತ್ತು, ಇಳಿಸಿದಾಗ ನೀರಿನ ಗೋಡೆ.

ಜಾಕೆಟ್ಟುಗಳಿಗೆ ಗಾಳಿ ತುಂಬಿದೆವು. ಸೊಂಟದ ಸೀಸ ಬಿಚ್ಚಿ ಬಿಟ್ಟೆವು. ಪದ್ಮ ಜಾಕೆಟ್ಟಿಗೆ ಕಟ್ಟಿದ್ದ ಸೀಟಿ ಊದಿದಳು, ನಾನೂ ನನ್ನದನ್ನು ಊದಿದೆ. ಊದುವುದು ನಿಲ್ಲಿಸಿದಾಗ ಮಳೆಯ ಸದ್ದು ಮಾತ್ರ. ಅಷ್ಟರಲ್ಲಿ ಅವಳು ವಾಂತಿ ಮಾಡಿಕೊಂಡಳು. ಮತ್ತೆ ಮತ್ತೆ ಮಾಡಿಕೊಂಡಳು. ಕೆಳಗೆ ಕಲ್ಲಿನ ಹಾಗೆ ನಿಂತಿದ್ದವಳ ತುಟಿ ನಡುಗುತ್ತಿತ್ತು.

"ಅಕ್ಕಾ, ಕಾಲು ಹಿಡ್ಕಂಬುಡ್ತು!"

ಅವಳ ರೆಕ್ಕೆಯ ತುದಿ ಹಿಡಿದು ನನ್ನ ಕಡೆಗೆ ಎಳೆದೆ. ಮೀನಖಂಡ ಗಂಟಾಗಿತ್ತು. ಉಜ್ಜಿದೆ. ಅವಳು ಅಳತೊಡಗಿದಳು. ಭಯ ಹೆಚ್ಚಾದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಅಜ್ಜಿಯ ತೆಲುಗು ಬರುತ್ತದೆ.

"ಭಯಂಗಾ ಉಂದಕ್ಕಾ… ನಾನೇ ನಿನ್ನ ಕರೆಸ್ಕಂಡೆ. ಅಮ್ಮಂಗೆ ಏನ್ ಹೇಳ್ಲಿ ನಾನು?"

"ಅಮ್ಮಂಗೆ ನಾನ್ ಹೇಳ್ತೀನಿ. ನೀನ್ ಸುಮ್ಕಿರು."

ಮಳೆ ಚೂರು ತೆಳುವಾದಾಗ ಒಂದು ಕಪ್ಪು ಗೆರೆ ಕಂಡಿತು. ಪದ್ಮ ಕಿತ್ತಳೆ ಚೀಲವನ್ನು ನನಗೆ ಕೊಟ್ಟು ಕೈ ಬಿಡಿಸಿಕೊಂಡಳು. "ಅಗೋ ದ್ವೀಪ! ಈಜಾನ ಬಾ. ನಾನ್ ಹೋಗಿ ಯಾರ್ನಾದ್ರೂ ಕರ್ಕಂಡ್ ಬತ್ತೀನಿ, ನೀನ್ ಇಲ್ಲೇ ಇರು."

ಆ ಗೆರೆ ನಾವು ನೋಡುತ್ತಿದ್ದಂತೆ ಪಕ್ಕಕ್ಕೆ ಸರಿಯುತ್ತಿತ್ತು. ನೀರು ನಮ್ಮನ್ನು ಅದರಿಂದ ಆಚೆಗೆ ಒಯ್ಯುತ್ತಿತ್ತು. ಅದರೆದುರು ಈಜಿದರೆ ಅವಳ ಕಾಲು ಎಷ್ಟು ದೂರ ತಡೆದೀತು?

"ಬ್ಯಾಡ ಪದ್ಮಾ."

"ಬುಡಕ್ಕ ನನ್ನ! ಇಲ್ಲೇ ಇದ್ರೆ ಇಬ್ರೂ ಸಾಯ್ತೀವಿ!"

ಅವಳು ನನ್ನನ್ನು ತಳ್ಳಿದಳು. ಇಬ್ಬರ ನಡುವೆ ಒಂದು ಅಲೆ ಬಂತು. ಒಂದೇ ಅಲೆ. ಅದು ಇಳಿದಾಗ ಅವಳು ಕೈಗೆಟುಕದಷ್ಟು ದೂರವಿದ್ದಳು. ಆ ಹೊತ್ತಿನ ಭಯ ಗೋಡೆಯಿಂದ ಕಿತ್ತುಹೋದಾಗಲೂ ಆಗಿರಲಿಲ್ಲ. ಕೈಯಲ್ಲಿದ್ದ ಕಿತ್ತಳೆ ಚೀಲವನ್ನೇ ಅವಳ ಕಡೆ ಚಾಚಿದೆ. ಅವಳು ಅದರ ತುದಿ ಹಿಡಿದಳು. ಎಳೆದುಕೊಂಡೆ. ಚೀಲದ ದಾರವನ್ನು ಅವಳ ಪಟ್ಟಿಯೊಳಗೂ ನನ್ನ ಪಟ್ಟಿಯೊಳಗೂ ತೂರಿಸಿ, ಕುರಿಮರಿಗೆ ಹಾಕುವ ಗಂಟು ಹಾಕಿದೆ. ತರಗತಿಯಲ್ಲಿ ಗಲಾಟೆ ನಿಲ್ಲಿಸುವ ದನಿಯಲ್ಲಿ ಕೂಗಿದೆ.

"ಎಲ್ಲೂ ಹೋಗಂಗಿಲ್ಲ ನೀನು! ಇಬ್ರೂ ಒಂದೇ ಕಡೆ ಇರ್ತೀವಿ. ಹುಡುಕೋರು ಹುಡುಕ್ತಾವ್ರೆ. ಈಗ ನನ್ ಮಾತಿಗೆ ಉತ್ತರ ಕೊಡು. ಆಸ್ಪತ್ರೇಲಿ ನಿನ್ನೆ ಹೆರಿಗೆ ಆಯ್ತಲ್ಲ, ಏನ್ ಮಗು?"

ಅವಳು ಹುಚ್ಚಿಯನ್ನು ನೋಡುವಂತೆ ನನ್ನನ್ನು ನೋಡಿದಳು.

"ಏನ್ ಮಗೂ ಅಂದೆ!"

"ಹೆ… ಹೆಣ್ಣು."

"ತೂಕ ಸರಿಯಾಗಿತ್ತಾ? ಅತ್ತಿತಾ?"

"ಮೊದ್ಲು ಅಳ್ಳಿಲ್ಲ. ಬೆನ್ನು ಉಜ್ಜಿದ್ ಮೇಲೆ ಅತ್ತಿತು."

"ಹೆಂಗ್ ಉಜ್ತಾರೆ? ಹೇಳು, ನಂಗೊತ್ತಿಲ್ಲ."

ಹೇಳಿದಳು. ವಾಂತಿಯ ನಡುವೆ, ಅಳುವಿನ ನಡುವೆ, ಒದ್ದೆ ಕೂಸನ್ನು ಹೇಗೆ ಬಟ್ಟೆಯಲ್ಲಿ ಹಿಡಿಯಬೇಕು, ಬಾಯಿ ಹೇಗೆ ಒರೆಸಬೇಕು ಎಂದು ಹೇಳುತ್ತಾ ಹೋದಳು. ಹೇಳಿದ ಹಾಗೆ ಅವಳ ದನಿ ನರ್ಸಿನ ದನಿಯಾಯಿತು. ನಾನು ಒಂದು ಕೈಯಲ್ಲಿ ಚೀಲವನ್ನು ನೆಟ್ಟಗೆ ಎತ್ತಿ ಹಿಡಿದಿದ್ದೆ. ಕೈ ಸೋತಾಗ ಅವಳೇ ತೆಗೆದುಕೊಂಡಳು.

ಒಂದು ಬೋಟಿನ ಸದ್ದು ಬಂತು. ಕೂಗಿದೆವು, ಊದಿದೆವು. ಮಳೆಯೊಳಗೆ ಅದರ ಹೊಗೆಯ ವಾಸನೆ ಕೂಡ ಮೂಗಿಗೆ ಬಡಿಯಿತು. ನಮ್ಮನ್ನು ಕಾಣದೆ ಹೋಯಿತು. ಸದ್ದು ಅಡಗಿತು. ಪದ್ಮ ನನ್ನ ಹೆಗಲ ಮೇಲೆ ತಲೆಯಿಟ್ಟಳು. ಹಲ್ಲು ಕಟಕಟಿಸುವಷ್ಟು ಚಳಿ. ಊರಲ್ಲಿ ಬಿಟ್ಟುಬಂದ ಗಂಡನ ಮುಖ, ಮಗಳ ಮುಖ ನೆನೆಯಲು ಹೋಗಿ ಬಿಟ್ಟೆ. ನೆನೆದರೆ ಕೈ ಸಡಿಲವಾಗುತ್ತಿತ್ತು.

ಮಳೆ ನಿಂತದ್ದು ಯಾರೋ ನಲ್ಲಿ ತಿರುಗಿಸಿದ ಹಾಗೆ. ಇಳಿಬಿಸಿಲು ನೀರಿನ ಮೇಲೆ ಬಿತ್ತು. ಆ ಬಿಸಿಲಲ್ಲಿ, ಮುಂಗಾಲೆತ್ತಿದ ಮೇಕೆಯ ಹಾಗೆ ಮೂತಿ ಎತ್ತಿದ ಒಂದು ಮೀನುಗಾರರ ದೋಣಿ ನಮ್ಮತ್ತ ತಿರುಗುವುದು ಕಂಡಿತು. ಮೂತಿಯ ಮೇಲೆ ನಿಂತಿದ್ದ ಮುದುಕ ಎರಡೂ ಕೈ ಎತ್ತಿದ್ದ.

ದೋಣಿಯಲ್ಲಿ

ಅವರು ನಮ್ಮನ್ನು ಎತ್ತಿಹಾಕಿದಾಗ ನನ್ನ ಬೆರಳುಗಳಿಂದ ಗಂಟು ಬಿಚ್ಚಲಾಗಲಿಲ್ಲ. ಒಬ್ಬ ಚಾಕುವಿನಿಂದ ದಾರ ಕತ್ತರಿಸಿದ. ಮೀನಿನ ವಾಸನೆಯ ಶರ್ಟುಗಳನ್ನು ಹೊದಿಸಿದರು. ಹಾಲಿನ ಪುಡಿ ಹಾಕಿದ, ಬಾಯಿ ಕಟ್ಟುವಷ್ಟು ಸಿಹಿ ಚಹಾ ಕೊಟ್ಟರು. ಮುದುಕ ರೇಡಿಯೊದಲ್ಲಿ ಕೂಗಿ ಕೂಗಿ ಮಾತಾಡಿದ. ಅದರಲ್ಲಿ ನನಗೆ ಅರ್ಥವಾದದ್ದು 'ದೋನಿ' ಎಂಬ ಒಂದೇ ಪದ. ನಮ್ಮ ದೋಣಿಯೇ. ಅವರ ಭಾಷೆಯಲ್ಲೂ ಅದನ್ನು ಹಾಗೆಯೇ ಅನ್ನುತ್ತಾರಂತೆ. ಆ ಪದ ಕೇಳಿದ್ದೇ, ಅಷ್ಟು ಹೊತ್ತು ಬಾರದಿದ್ದ ಅಳು ನನಗೆ ಬಂತು. ಮುದುಕ ಮಾತು ನಿಲ್ಲಿಸಿ, ತನ್ನ ಸಂಚಿಯಿಂದ ಅಡಿಕೆ ಚೂರು ತೆಗೆದು ನನ್ನ ಅಂಗೈಯಲ್ಲಿಟ್ಟ.

ಜೆಟ್ಟಿಯಲ್ಲಿ ಊರೇ ನಿಂತಿತ್ತು. ಬೋಟುಗಳಿದ್ದವರೆಲ್ಲ ಹುಡುಕಲು ಹೊರಟಿದ್ದರಂತೆ. ಶಿಫಾ ಗೋಡೆ ಬಿಟ್ಟು ಮೇಲೆ ಬಂದು, ಚಿಕ್ಕಪ್ಪನ ಬೋಟಿನಲ್ಲಿ ನೀರಿನ ಎಳೆತ ಹಿಡಿದು ಅಲೆದಿದ್ದಳು. ಮಳೆಯೊಳಗೆ ನಮ್ಮ ಪಕ್ಕದಲ್ಲಿ ಹಾದುಹೋದದ್ದು ಅದೇ ಬೋಟು. ಅದನ್ನು ನಾವು ಹೇಳಿದಾಗ ಶಿಫಾ ಮುಖ ಮುಚ್ಚಿಕೊಂಡು ಮರಳಿನ ಮೇಲೆ ಕುಸಿದಳು. ಪದ್ಮ ಅವಳ ಪಕ್ಕ ಕೂತಳು. ಇಬ್ಬರೂ ಬಹಳ ಹೊತ್ತು ಏಳಲಿಲ್ಲ.

ಆಸ್ಪತ್ರೆಯ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ ಏನೂ ಆಗಿಲ್ಲ ಎಂದರು. ಅಮ್ಮನಿಗೆ ಫೋನ್ ಮಾಡಿದೆ, ಪದ್ಮ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಎಲ್ಲ ಕೇಳಿ ಅಮ್ಮ, "ಇಬ್ರೂ ಉಂಡ್ರಾ?" ಎಂದಳು.

ಜೆಟ್ಟಿಯ ಮೆಟ್ಟಿಲು

ಆಮೇಲೆ ಪದ್ಮ ಕಡಲಿನ ಕಡೆ ಹೋಗಲಿಲ್ಲ. ಡ್ಯೂಟಿಗೆ ಊರೊಳಗಿನ ದಾರಿಯಲ್ಲಿ ಹೋಗಿ ಅದರಲ್ಲೇ ಬಂದಳು. ಕಿಟಕಿ ಹಾಕಿಕೊಂಡು ಮಲಗಿದಳು. ಬಟ್ಟೆ ಒಗೆಯುವಾಗ ಬಕೆಟ್ಟಿನ ನೀರು ಮುಖಕ್ಕೆ ಚಿಮ್ಮಿದರೆ ಬೆಚ್ಚಿದಳು. ನಾನು ಊರಿಗೆ ಹೋದ ಮೇಲೆ, ನಾಲ್ಕು ಕಡೆ ನೀರೇ ಇರುವ ಈ ನೆಲದಲ್ಲಿ ಇವಳು ಒಬ್ಬಳೇ ಹೇಗಿದ್ದಾಳು?

ಹೊರಡಲು ಇನ್ನೂ ಕೆಲವು ದಿನ ಇದ್ದವು. ನನ್ನನ್ನು ಮತ್ತೆ ನೀರಿಗಿಳಿಸು ಎಂದು ಒಂದು ಬೆಳಗ್ಗೆ ಶಿಫಾಳನ್ನು ಕೇಳಿಕೊಂಡೆ. ಅವಳು ಒಪ್ಪಿದಳು. ಜೆಟ್ಟಿಯ ಮಗ್ಗುಲ ತಿಳಿನೀರು, ಎದ್ದು ನಿಂತರೆ ತಲೆಗಿಂತ ಒಂದಿಷ್ಟು ಮೇಲೆ, ಅಷ್ಟೆ. ರಬ್ಬರ್ ಅಂಗಿ ತೊಟ್ಟೆ. ಶಿಫಾ ರೆಕ್ಕೆಯ ಪಟ್ಟಿಯನ್ನು ತಾನೇ ಬಿಗಿದು, ಎಳೆದು ನೋಡಿ, ಮತ್ತೆ ಬಿಗಿದಳು.

"ನಾನ್ ಬರಲ್ಲಕ್ಕ. ಮೇಲೆ ಕೂತ್ಕಂಡಿರ್ತೀನಿ" ಎಂದಳು ಪದ್ಮ.

"ಕೂತ್ಕ. ಯಾರ್ ಬಾ ಅಂದ್ರು?" ಎಂದೆ.

ಇಳಿದೆ. ಮರಳಿನ ತಳದಲ್ಲಿ ಶಿಫಾಳ ಪಕ್ಕ ಕುಳಿತು, ಎದೆಬಡಿತ ಇಳಿಯುವವರೆಗೆ ಉಸಿರಾಡಿದೆ. ತಲೆಯೆತ್ತಿದಾಗ ಕಲ್ಲಿನ ಮೆಟ್ಟಿಲುಗಳು ನೀರೊಳಗೆ ಇಳಿದುಬಂದಿರುವುದು ಕಂಡಿತು. ಕೊಂಚ ಹೊತ್ತಿನ ಮೇಲೆ ಆ ಮೆಟ್ಟಿಲ ಮೇಲೆ ಎರಡು ಪಾದ ಬಂದವು. ಹಳದಿ ಪಟ್ಟೆಯ ಪುಟ್ಟ ಮೀನುಗಳು ಅದೇನು ಎಂದು ನೋಡಲು ಸುತ್ತ ಸೇರಿದವು. ಪಾದಗಳು ಬೆಚ್ಚಿ ಮೇಲೆ ಹೋದವು. ಮತ್ತೆ ಬಂದವು.

ನಾನು ಕರೆಯಲಿಲ್ಲ, ಸನ್ನೆ ಮಾಡಲಿಲ್ಲ. ಶಿಫಾಳೂ ಅಲುಗಾಡಲಿಲ್ಲ. ಒಂದು ಪಾದ ಕೆಳಗಿನ ಮೆಟ್ಟಿಲಿಗೆ ಇಳಿಯಿತು. ಬಹಳ ಹೊತ್ತು ಅಲ್ಲೇ ಇತ್ತು. ಇನ್ನೊಂದು ಬಂತು. ಶಿಫಾ ಮೇಲೆ ಹೋದಳು. ಮೇಲೆ ಏನು ಮಾತಾಯಿತೋ ಗೊತ್ತಿಲ್ಲ, ಸಿಲಿಂಡರಿನ ಬುಡ ಕಲ್ಲಿಗೆ ತಗುಲಿದ ಸದ್ದು ಮಾತ್ರ ಕೇಳಿಸಿತು. ಮಂಡಿ, ಸೊಂಟ, ಎದೆ. ಕೊನೆಗೆ, ಗಾಜಿನ ಹಿಂದೆ ಬಿಗಿಯಾಗಿ ಮುಚ್ಚಿದ ಕಣ್ಣುಗಳ ಅವಳ ಮುಖ ನೀರೊಳಗೆ ಬಂತು.

ಕೈ ಚಾಚಿದೆ. ಅವಳು ತಡವಿ ಹಿಡಿದಳು, ಉಗುರು ಊರುವಷ್ಟು ಬಿಗಿಯಾಗಿ. ಆಮೇಲೆ ಕಣ್ಣು ಬಿಟ್ಟಳು. ನಾವು ಎಲ್ಲಿಗೂ ಹೋಗಲಿಲ್ಲ. ಮೆಟ್ಟಿಲ ಬುಡದ ಮರಳಿನಲ್ಲಿ ಎದುರುಬದುರು ಮಂಡಿಯೂರಿ, ಅಕ್ಕತಂಗಿಯರು ಉಸಿರಾಡುತ್ತಾ ಕುಳಿತೆವು.